ಆಟಿಕೆ ಟ್ರಕ್‌ನ ಅಂಟಂಟು ಪ್ರೈಮರ್ ಹೋಗಿದ್ದು ಹೀಗೆ

28 ಮಿಮೀ ಅಳತೆಯ ಸೈನಿಕರ ಗೊಂಬೆಗಳ ಪಕ್ಕ ನಿಲ್ಲಿಸಲು ಅಗ್ಗದ ಪ್ಲಾಸ್ಟಿಕ್ ಟ್ರಕ್ ಒಂದಕ್ಕೆ ಸ್ಪ್ರೇ ಪ್ರೈಮರ್ (ಬಣ್ಣಕ್ಕೂ ಮೊದಲು ಹಚ್ಚುವ ತಳಪದರ) ಹೊಡೆದಿದ್ದೆ. ಮೂರು ವಾರವಾದರೂ ಒಣಗಲಿಲ್ಲ. ಮುಟ್ಟಿದರೆ ಬೆರಳಚ್ಚು ಮೂಡುತ್ತಿತ್ತು, ಧೂಳೆಲ್ಲ ಅಂಟುತ್ತಿತ್ತು.

ಬಿಸಿಲಿಗಿಟ್ಟೆ, ಆಗಲಿಲ್ಲ. ಮೇಲೆ ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದೆ, ಅದೂ ಅಂಟಾಯಿತು. ಟಾಲ್ಕಂ ಪುಡಿ ಎರಡು ದಿನ ತಡೆಯಿತು, ಅಷ್ಟೇ.

ತೊಂದರೆ ಇದ್ದದ್ದು ಪ್ಲಾಸ್ಟಿಕ್‌ನಲ್ಲಿ. ಮೆತ್ತಗಿನ ಪಿವಿಸಿಯಲ್ಲಿ ಪ್ಲಾಸ್ಟಿಸೈಜರ್, ಅಂದರೆ ಅದನ್ನು ಮೆತ್ತಗಾಗಿಸುವ ರಾಸಾಯನಿಕ, ಇರುತ್ತದೆ. ಸ್ಪ್ರೇಯಲ್ಲಿರುವ ದ್ರಾವಕ ಅದರ ಜೊತೆ ಸೇರಿದರೆ ಬಣ್ಣ ಗಟ್ಟಿಯಾಗುವುದೇ ಇಲ್ಲ. ಹಾಗಾಗಿ ಮೊದಲು ತಳದಲ್ಲಿ ಉಗುರಿನಿಂದ ಒತ್ತಿ ನೋಡಿ. ತಗ್ಗಿದರೆ ಸ್ಪ್ರೇ ಬೇಡವೇ ಬೇಡ.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹಳೇ ಟೂತ್‌ಬ್ರಷ್‌ನಿಂದ ಹಳೆಯ ಪ್ರೈಮರ್ ಉಜ್ಜಿ ತೆಗೆದೆ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಇರಬಾರದು. ಆಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಎರಡು ಸಲ ತೊಳೆದೆ. 24 ಗಂಟೆ ಒಣಗಿಸಿದೆ. ನಂತರ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಪ್ರೈಮರನ್ನು ಕುಂಚದಿಂದ ತೆಳ್ಳಗೆ ಹಚ್ಚಿದೆ. ಮೊದಲ ಕೋಟ್ ತೇಪೆ ತೇಪೆಯಾಗಿ ಕಾಣುತ್ತದೆ. ಸರಿಮಾಡಲು ಹೋಗಿ ಜಾಸ್ತಿ ಹಚ್ಚಬೇಡಿ, ಸುಮ್ನೆ ಬಿಡಿ. ನಾಲ್ಕು ಗಂಟೆ ಬಿಟ್ಟು ಎರಡನೇ ಕೋಟ್. ಮತ್ತೆ ಪೂರ್ತಿ ಒಂದು ದಿನ ಕಾದು ಅಕ್ರಿಲಿಕ್ ಬಣ್ಣ ಹಚ್ಚಿದೆ. ಕೊನೆಯ ವಾರ್ನಿಷ್ ಕೂಡ ನೀರಿನದ್ದೇ, ಕುಂಚದಿಂದಲೇ. ಇಲ್ಲಿ ಸ್ಪ್ರೇ ಬಳಸಿದರೆ ಮಾಡಿದ ಕೆಲಸವೆಲ್ಲ ಹಾಳು.

ಟೈರುಗಳು ಇನ್ನೂ ಹೆಚ್ಚು ಮೆತ್ತಗಿರುತ್ತವೆ. ಅವನ್ನು ಬಿಚ್ಚಿ ಬೇರೆಯಾಗಿಯೇ ಇದೇ ಕ್ರಮದಲ್ಲಿ ಮಾಡಿದೆ. ಆರು ತಿಂಗಳಾಯಿತು, ಎಲ್ಲೂ ಅಂಟಿಲ್ಲ.