ಬೂತಾಯಿ ತಿನ್ನಿಸಿದ ಆರು ವಾರ

ಕೇಪ್‌ಟೌನಿನಲ್ಲಿ ನನಗೆ ಸಿಕ್ಕಿದ ಮೊದಲ ಕೆಲಸ ಮೀನು ಆರಿಸುವುದು. ಸ್ಟೀಲ್ ಮೇಜಿನ ಮೇಲೆ ಐಸ್ ಬಿಡುತ್ತಿದ್ದ ಮೀನಿನ ರಾಶಿ. ಹೊಟ್ಟೆ ಒಡೆದದ್ದು, ತಲೆ ಹೋದದ್ದು ಪಕ್ಕಕ್ಕೆ. ಇಡಿಯಾಗಿರುವುದು ಬಕೆಟ್ಟಿಗೆ. ಒಂದನ್ನು ಎತ್ತಿ ಹಿಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಬೂತಾಯಿ, ಅಂದರೆ ನಮ್ಮ ಕಡಲಿನ ಸಾರ್ಡೀನ್ ಮೀನಿನ ಹತ್ತಿರದ ನೆಂಟ. ಪಕ್ಕೆಯಲ್ಲಿ ಕಪ್ಪು ಚುಕ್ಕೆಗಳ ಸಾಲು ಇತ್ತು, ಅಷ್ಟೇ ವ್ಯತ್ಯಾಸ. ನಾನು ಮಲ್ಪೆಯವರ ಮನೆಯಲ್ಲಿ ಹುಟ್ಟಿದ್ದು. ಅಮ್ಮ ಮೂವತ್ತು ವರ್ಷ ಮೀನು ಮಾರಿದವಳು. ಆ ವಾಸನೆಗೆ ಪಕ್ಕದಲ್ಲಿದ್ದ ಹುಡುಗಿ ಮುಖ ತಿರುಗಿಸಿಕೊಂಡಳು. ನನಗೆ ಮನೆಗೆ ಬಂದ ಹಾಗಾಯಿತು.

ಈ ಮೀನು ಪೆಂಗ್ವಿನ್‌ಗಳಿಗೆ. ಪೆಂಗ್ವಿನ್ ಅಂದರೆ ಹಿಮ ಅಂದುಕೊಳ್ಳುತ್ತೇವೆ ಅಲ್ವಾ? ಆಫ್ರಿಕನ್ ಪೆಂಗ್ವಿನ್ ಬಿಸಿಲಿನ ಹಕ್ಕಿ. ಆಫ್ರಿಕಾದಲ್ಲಿ ಮರಿ ಮಾಡುವ ಪೆಂಗ್ವಿನ್ ಇದೊಂದೇ. ಅದೂ ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಕರಾವಳಿಯಲ್ಲಿ ಮಾತ್ರ. ನಾನು ಹೋದದ್ದು ಟೇಬಲ್ ವ್ಯೂ ಎಂಬಲ್ಲಿರುವ ಸ್ಯಾನ್‌ಕಾಬ್ ಎನ್ನುವ ಕಡಲಹಕ್ಕಿ ಆರೈಕೆ ಕೇಂದ್ರಕ್ಕೆ. 1968ರಲ್ಲಿ ಶುರುವಾದ ಸಂಸ್ಥೆ ಇದು.

ಅಲ್ಲಿಗೆ ಸೇರುವ ಮೊದಲು ನಾನು ದಾರಿ ತಪ್ಪುವುದರಲ್ಲಿದ್ದೆ. ಅದನ್ನು ಹೇಳಲೇಬೇಕು. ಯಾಕೆಂದರೆ ಇಲ್ಲಿಂದ ಹೋಗಬೇಕು ಅನ್ನುವವರಿಗೂ ಹೀಗೇ ಆಗಬಹುದು. ಬೆಂಗಳೂರಿನ ಕೆಲಸದಲ್ಲಿ ರಜೆ ಕೂಡಿಸಿ, ಸಂಬಳವಿಲ್ಲದ ರಜೆಯನ್ನೂ ಸೇರಿಸಿ ಆರು ವಾರ ಹೊಂದಿಸಿಕೊಂಡಿದ್ದೆ. ದಕ್ಷಿಣ ಆಫ್ರಿಕಾದಲ್ಲಿ ಪ್ರಾಣಿಗಳ ಸೇವೆ ಅಂತ ಹುಡುಕಿದರೆ ಮೊದಲು ಕಾಣುವುದು ಸಿಂಹದ ಮರಿಗಳು. ಅನಾಥ ಮರಿ, ಬಾಟಲಿ ಹಾಲು, ಮಡಿಲಲ್ಲಿ ನಿದ್ದೆ. ಒಂದು ಕಡೆ ಮುಂಗಡ ಕಟ್ಟುವ ತನಕ ಹೋಗಿದ್ದೆ. ಕೊನೆಗೆ ಒಂದು ಪ್ರಶ್ನೆ ಕೇಳಿದೆ: ಈ ಮರಿಗಳು ದೊಡ್ಡವಾದ ಮೇಲೆ ಎಲ್ಲಿಗೆ ಹೋಗುತ್ತವೆ? ಉತ್ತರ ಸುತ್ತಿ ಬಳಸಿ ಬಂತು.

ಆಮೇಲೆ ಓದಿ ತಿಳಿದುಕೊಂಡೆ. ಇಂಥ ಎಷ್ಟೋ ಜಾಗಗಳಲ್ಲಿ ಮರಿಗಳು ಅನಾಥವೇ ಅಲ್ಲ. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಬೇರೆ ಮಾಡುತ್ತಾರೆ. ತಾಯಿ ಬೇಗ ಇನ್ನೊಂದು ಸಲ ಮರಿ ಹಾಕಲಿ ಅಂತ. ಮನುಷ್ಯರ ಕೈಯಲ್ಲಿ ಬೆಳೆದ ಸಿಂಹವನ್ನು ಕಾಡಿಗೆ ಬಿಡಲು ಆಗುವುದಿಲ್ಲ. ದೊಡ್ಡದಾದ ಮೇಲೆ ಬೇಲಿಯೊಳಗೆ ಬಿಟ್ಟು, ದುಡ್ಡು ಕೊಟ್ಟವರಿಂದ ಬೇಟೆ ಆಡಿಸುವುದೂ ಇದೆ. ಎಲುಬು ಏಷ್ಯಾದ ಮಾರುಕಟ್ಟೆಗೆ ಹೋದದ್ದೂ ಇದೆ. ಪ್ರೀತಿಯಿಂದ ಹಾಲು ಕುಡಿಸಿದವರ ದುಡ್ಡೇ ಈ ವ್ಯವಹಾರವನ್ನು ನಡೆಸುತ್ತದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಾಗಿ ನೀವು ಎಲ್ಲಿಗೆ ಹೋಗುವುದಾದರೂ ಮೊದಲು ಅದೇ ಪ್ರಶ್ನೆ ಕೇಳಿ. ಬಂದವರಿಗೆಲ್ಲ ಮುಟ್ಟಲು ಬಿಡುತ್ತಾರೆ ಅಂದರೆ ಅಲ್ಲಿಗೆ ಹೋಗಲೇಬೇಡಿ.

ಪೆಂಗ್ವಿನ್ ಕೇಂದ್ರದಲ್ಲಿ ಎಲ್ಲ ಇದಕ್ಕೆ ತದ್ವಿರುದ್ಧ. ಸವರುವ ಹಾಗಿಲ್ಲ. ಹಕ್ಕಿಗಳ ಹತ್ತಿರ ಮಾತು ಆದಷ್ಟು ಕಡಿಮೆ. ಅವು ನಮ್ಮ ದನಿಗೆ ಒಗ್ಗಿಕೊಳ್ಳಬಾರದು. ಕಡಲಿಗೆ ವಾಪಸ್ ಹೋಗಬೇಕಾದ ಹಕ್ಕಿ ಮನುಷ್ಯರನ್ನು ಕಂಡರೆ ಹೆದರಬೇಕು, ಕಚ್ಚಬೇಕು. ಕಚ್ಚುತ್ತವೆ ಕೂಡ. ಕೊಕ್ಕಿನ ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ, ಅಂಚು ಹರಿತ. ಮೊಣಕೈ ತನಕ ದಪ್ಪ ರಬ್ಬರಿನ ಕವಚ ಹಾಕಿಕೊಂಡರೂ ಮೊದಲ ವಾರದಲ್ಲೇ ನನ್ನ ಎಡಗೈ ಹೆಬ್ಬೆರಳಿನ ಬುಡ ಹರಿಯಿತು. ಗಾಯದ ಗುರುತು ಈಗಲೂ ಇದೆ.

ದಿನದ ಮುಕ್ಕಾಲು ಪಾಲು ತೊಳೆಯುವುದೇ. ಹಿಕ್ಕೆ ಮೆತ್ತಿದ ರಬ್ಬರ್ ಚಾಪೆಗಳು, ಟವೆಲ್ಲುಗಳು, ಬಕೆಟ್ಟುಗಳು, ಮತ್ತೆ ಚಾಪೆಗಳು. ಬೇಜಾರು ಬರಲಿಲ್ಲ. ಚಾಪೆ ಕೊಳಕಾಗಿದ್ದರೆ ಹಕ್ಕಿಯ ಕಾಲು ಹುಣ್ಣಾಗುತ್ತದೆ, ಗರಿ ಕೆಡುತ್ತದೆ. ಗರಿ ಕೆಟ್ಟರೆ ನೀರು ಒಳಗೆ ಇಳಿಯುತ್ತದೆ. ಇಷ್ಟು ಗೊತ್ತಾದ ಮೇಲೆ ಬ್ರಷ್ ಹಿಡಿದ ಕೈ ತಾನಾಗಿ ಓಡುತ್ತದೆ.

ತಿನ್ನಿಸುವುದನ್ನು ಕಲಿಯಲು ನಾಲ್ಕು ದಿನ ಬೇಕಾಯಿತು. ಹೊಸದಾಗಿ ಬಂದ ಹಕ್ಕಿ ಸತ್ತ ಮೀನನ್ನು ಮೀನು ಅಂತಲೇ ನೋಡುವುದಿಲ್ಲ. ಕಡಲಲ್ಲಿ ಅದು ಹಿಡಿದದ್ದು ಓಡುವ ಮೀನನ್ನು. ಹಾಗಾಗಿ ಕೈಯಿಂದಲೇ ಕೊಡಬೇಕು. ಗಿಡ್ಡ ಮಣೆಯ ಮೇಲೆ ಕೂರಬೇಕು. ಹಕ್ಕಿಯನ್ನು ಎರಡು ತೊಡೆಗಳ ನಡುವೆ ನಿಲ್ಲಿಸಿಕೊಳ್ಳಬೇಕು. ರೆಕ್ಕೆ ಬಡಿಯದ ಹಾಗೆ ಹಿಡಿತ ಇರಬೇಕು, ಉಸಿರು ಕಟ್ಟುವಷ್ಟು ಬಿಗಿ ಇರಬಾರದು. ಎಡಗೈಯಲ್ಲಿ ತಲೆಯನ್ನು ಹಿಂದಿನಿಂದ ಹಿಡಿದು, ಬೆರಳಿಂದ ಕೊಕ್ಕಿನ ಬದಿ ಬಿಡಿಸಬೇಕು. ಮೀನನ್ನು ನೀರಲ್ಲಿ ಅದ್ದಿ, ತಲೆ ಮುಂದಾಗಿ ಗಂಟಲಿನ ತನಕ ಜಾರಿಸಬೇಕು. ಆಮೇಲೆ ಕೈ ಬಿಟ್ಟು ಸುಮ್ನೆ ಕಾಯಬೇಕು. ನುಂಗುವುದು ಅದರ ಕೆಲಸ. ವಿಟಮಿನ್ ಮಾತ್ರೆ ಇದ್ದರೆ ಮೊದಲೇ ಮೀನಿನ ಕಿವಿರಿನೊಳಗೆ ಸಿಕ್ಕಿಸಿಡುತ್ತೇವೆ. ತೀರಾ ಬಡವಾದ ಹಕ್ಕಿಗೆ ಇಡೀ ಮೀನು ಆಗಿಬರುವುದಿಲ್ಲ. ಅದಕ್ಕೆ ಮೊದಲು ಕೊಳವೆಯಲ್ಲಿ ನೀರು-ಲವಣ, ಆಮೇಲೆ ರುಬ್ಬಿದ ಮೀನು.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ. "ಮುಳ್ಳು ಸಿಕ್ಕಿಕೊಳ್ಳುವುದಿಲ್ವಾ ಮಗಾ ಅದರ ಗಂಟಲಿಗೆ?"

ತಲೆ ಮುಂದಾಗಿ ಕೊಡುವುದು ಅದಕ್ಕೇ ಅಂದೆ. ಮೀನಿನ ಹುರುಪೆ, ರೆಕ್ಕೆ ಎಲ್ಲ ಬಾಲದ ಕಡೆಗೆ ಮಲಗಿರುತ್ತದೆ. ತಲೆಯಿಂದ ಹೋದರೆ ನುಣ್ಣಗೆ ಇಳಿಯುತ್ತದೆ, ಬಾಲದಿಂದ ಹೋದರೆ ಗೀರುತ್ತದೆ. "ಹೌದು, ಹೌದು, ಕೈಗೂ ಹಾಗೇ" ಅಂದಳು ಅಮ್ಮ. ಸಾವಿರಾರು ಬುಟ್ಟಿ ಮೀನು ಮುಟ್ಟಿದ ಕೈಗೆ ಹೊಸದಾಗಿ ಹೇಳುವುದೇನೂ ಇರಲಿಲ್ಲ.

ನಾನು ಹೋದದ್ದು 2024ರ ನವೆಂಬರಿನಲ್ಲಿ. ಅದಕ್ಕೆ ತಿಂಗಳ ಹಿಂದಷ್ಟೇ ಈ ಹಕ್ಕಿಯನ್ನು ಅಳಿವಿನ ಅಂಚಿನ ಕಟ್ಟಕಡೆಯ ಪಟ್ಟಿಗೆ ಸೇರಿಸಿದ್ದರು. ಕಾಡಿನಲ್ಲಿ ಅಂದರೆ ಮೃಗಾಲಯದ ಹೊರಗೆ ಈಗ ಉಳಿದಿರುವುದು 10,000ಕ್ಕಿಂತ ಕಡಿಮೆ ಜೋಡಿ. ನೂರು ವರ್ಷದ ಹಿಂದೆ ಲಕ್ಷಗಟ್ಟಲೆ ಇದ್ದವು. ಮೊದಲು ದ್ವೀಪಗಳ ಮೇಲಿದ್ದ ಹಿಕ್ಕೆಯ ಪದರವನ್ನು ಗೊಬ್ಬರಕ್ಕೆ ಅಂತ ಕೆರೆದು ಒಯ್ದರು. ಪೆಂಗ್ವಿನ್‌ಗಳು ಬಿಲ ತೋಡಿ ಮೊಟ್ಟೆ ಇಡುತ್ತಿದ್ದದ್ದು ಅದರಲ್ಲೇ. ಮೊಟ್ಟೆಗಳನ್ನೂ ತಿನ್ನಲು ಒಯ್ದರು, 1960ರ ದಶಕದವರೆಗೂ. ಆಮೇಲೆ ಹಡಗುಗಳ ಎಣ್ಣೆ. 2000ದ ಜೂನ್‌ನಲ್ಲಿ ಟ್ರೆಷರ್ ಎಂಬ ಹಡಗು ರಾಬೆನ್ ಮತ್ತು ಡಾಸೆನ್ ದ್ವೀಪಗಳ ನಡುವೆ ಮುಳುಗಿತು. ಸುಮಾರು 19,000 ಪೆಂಗ್ವಿನ್‌ಗಳಿಗೆ ಎಣ್ಣೆ ಮೆತ್ತಿತು. ಸಾವಿರಾರು ಜನ ಬಂದು ತೊಳೆದರು. ಎಣ್ಣೆ ತಾಗದ ಇನ್ನೂ ಅಷ್ಟೇ ಹಕ್ಕಿಗಳನ್ನು ಲಾರಿಯಲ್ಲಿ ದೂರದ ಪೋರ್ಟ್ ಎಲಿಜಬೆತ್‌ಗೆ ಒಯ್ದು ಕಡಲಿಗೆ ಬಿಟ್ಟರು. ಅವು ಈಜಿ ವಾಪಸ್ ಬರುವುದರೊಳಗೆ ಇಲ್ಲಿಯ ನೀರು ಶುದ್ಧವಾಗಲಿ ಅಂತ. ಮೂರು ಹಕ್ಕಿಗಳಿಗೆ ಉಪಗ್ರಹದ ಯಂತ್ರ ಕಟ್ಟಿದ್ದರು. ಪೀಟರ್ ಎಂಬುದು ಮೂರು ವಾರದೊಳಗೆ ರಾಬೆನ್ ದ್ವೀಪ ಮುಟ್ಟಿತು. ಲೆಕ್ಕ ಹಾಕಿದ್ದು ಸರಿಯಾಗಿತ್ತು.

ನಾನಿದ್ದಾಗ ಎಣ್ಣೆ ಹಕ್ಕಿ ಬಂದದ್ದು ಒಂದೇ. ಮೊದಲು ಅಡುಗೆ ಎಣ್ಣೆ ಹಚ್ಚಿ ಆ ಜಿಡ್ಡನ್ನು ಸಡಿಲಿಸಿದರು. ಆಮೇಲೆ ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು. ಒಬ್ಬರು ಹಿಡಿಯುವುದು, ಒಬ್ಬರು ಉಜ್ಜುವುದು. ಕಣ್ಣಿನ ಸುತ್ತ ಹಲ್ಲುಜ್ಜುವ ಬ್ರಷ್. ಮುಗಿಯಲು ಹತ್ತಿರ ಹತ್ತಿರ ಒಂದು ಗಂಟೆ.

ಆದರೆ ನನ್ನ ಕೈಗೆ ಬಂದ ಹಕ್ಕಿಗಳಲ್ಲಿ ಜಾಸ್ತಿ ಎಣ್ಣೆಯವಲ್ಲ, ಹಸಿದ ಮರಿಗಳು. ದೊಡ್ಡ ಪೆಂಗ್ವಿನ್‌ಗಳು ವರ್ಷಕ್ಕೊಮ್ಮೆ ಎಲ್ಲ ಗರಿಗಳನ್ನೂ ಒಟ್ಟಿಗೇ ಉದುರಿಸುತ್ತವೆ. ಆ ಮೂರು ವಾರ ನೀರಿಗೆ ಇಳಿಯುವಂತಿಲ್ಲ, ಉಪವಾಸ. ನವೆಂಬರ್, ಡಿಸೆಂಬರಿನಲ್ಲಿ ಗೂಡಲ್ಲಿ ಇನ್ನೂ ಮರಿ ಇದ್ದರೆ ಅವಕ್ಕೂ ಉಪವಾಸವೇ. ಮೀನು ಚೆನ್ನಾಗಿ ಸಿಗುವ ವರ್ಷ ಮರಿಗಳು ಅಷ್ಟರಲ್ಲಿ ಬೆಳೆದು ಹೋಗಿರುತ್ತವೆ. ಈಗ ಮೀನಿನ ಹಿಂಡುಗಳು ಪೂರ್ವದ ಕಡೆಗೆ ಸರಿದಿವೆ. ಉಳಿದದ್ದಕ್ಕೆ ಬಲೆಗಳ ಪೈಪೋಟಿ. ಮರಿ ಇರುವ ಹಕ್ಕಿ ಗೂಡಿನಿಂದ 20ರಿಂದ 40 ಕಿಲೋಮೀಟರ್ ಆಚೆ ಹೋಗಿ ಬರುವುದು ಕಷ್ಟ. ಮೀನು ಸರಿದಾಗ ದ್ವೀಪ ಸರಿಯುವುದಿಲ್ಲವಲ್ಲ.

ಅಲ್ಲಿಯೂ ಹಿಂಡಿಗೇ ಸುತ್ತ ಬಲೆ ಬೀಸುವ ಬೋಟುಗಳು, ನಮ್ಮ ಪರ್ಸೀನ್ ಬೋಟುಗಳ ಹಾಗೆ. ಅಲ್ಲಿಯ ಆಂಚೊವಿ, ಅಂದರೆ ನಮ್ಮ ಕೊಲ್ಲತರುವಿನ ಜಾತಿಯದು, ಬಹುಪಾಲು ಮೀನು ಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಮಲ್ಪೆ, ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೂತಾಯಿ ಬಾರದ ವರ್ಷ ನಮ್ಮ ಮನೆ ಹೇಗಿತ್ತು ಅಂತ ನನಗೆ ನೆನಪಿದೆ. ಮೀನುಗಾರರನ್ನು ಬೈಯಲು ನನ್ನಿಂದ ಆಗುವುದಿಲ್ಲ. ಆದರೆ ಮಳೆಗಾಲದಲ್ಲಿ ಎರಡು ತಿಂಗಳು ಬೋಟು ಕಟ್ಟಿಹಾಕುವುದನ್ನು ನಾವು ಒಪ್ಪಿಕೊಂಡಿದ್ದೇವೆ. ಹಕ್ಕಿಯ ಗೂಡಿನ ಸುತ್ತ ಒಂದಿಷ್ಟು ಕಡಲನ್ನು ಮೀನು ಹಿಡಿಯದೆ ಬಿಡುವುದೂ ಅಂಥದ್ದೇ ಅಂತ ನನಗೆ ಅನಿಸುತ್ತದೆ.

ನಾನು ದಿನಾ ತಿನ್ನಿಸುತ್ತಿದ್ದವುಗಳಲ್ಲಿ ಒಂದಕ್ಕೆ 14ನೇ ನಂಬರು. ಬಂದಾಗ 1.3 ಕೆಜಿ. ಎದೆಯ ಎಲುಬು ಚೂರಿಯ ಹಾಗೆ ಕೈಗೆ ತಾಗುತ್ತಿತ್ತು. ಎರಡನೇ ವಾರ ತೂಕ ಏರಲೇ ಇಲ್ಲ. ಅದರ ಜೊತೆ ಬಂದದ್ದು ಒಂದು ಬೆಳಗ್ಗೆ ಸತ್ತಿತ್ತು. ಅವತ್ತು ಮೀನು ಆರಿಸುವಾಗ ನನಗೆ ಕಣ್ಣು ಕಾಣಿಸಲಿಲ್ಲ. ಮೂರನೇ ವಾರ 14 ತಾನಾಗಿಯೇ ನನ್ನ ಕೈಯಿಂದ ಮೀನು ಕಿತ್ತುಕೊಂಡಿತು. ಕಂದು ತುಪ್ಪಳ ಉದುರಿ ಬೂದು-ನೀಲಿ ಗರಿ ಬಂತು. ಈ ವಯಸ್ಸಿನವನ್ನು ಅಲ್ಲಿ ‘ಬ್ಲೂಸ್’ ಅನ್ನುತ್ತಾರೆ. ಕೊಳಕ್ಕೆ ಬಿಟ್ಟರೆ ಹೊರಗೆ ಬರಲು ಒಪ್ಪುತ್ತಿರಲಿಲ್ಲ. ನಾನು ಹೊರಡುವ ದಿನ 2.6 ಕೆಜಿ. ರಕ್ತಪರೀಕ್ಷೆ ಒಂದು ಬಾಕಿ ಇತ್ತು.

ಜನವರಿ ಕೊನೆಗೆ ಒಂದು ಸಾಲಿನ ಸಂದೇಶ ಬಂತು. 14 ಸ್ಟೋನಿ ಪಾಯಿಂಟ್ ಎಂಬ ಪೆಂಗ್ವಿನ್ ನೆಲೆಯಲ್ಲಿ ಕಡಲಿಗೆ ಇಳಿಯಿತು, ತಿರುಗಿ ನೋಡಲಿಲ್ಲ ಅಂತ. ಅಮ್ಮನಿಗೆ ಓದಿ ಹೇಳಿದೆ.

"ಒಳ್ಳೇದಾಯ್ತು. ಅಲ್ಲಿ ಈಗ ಮೀನು ಉಂಟಾ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. 2025ರ ಮಾರ್ಚಿನಲ್ಲಿ ಕೋರ್ಟಿನ ಆದೇಶ ಬಂತು. ಪೆಂಗ್ವಿನ್ ಪರ ಸಂಸ್ಥೆಗಳೂ ಮೀನುಗಾರಿಕೆ ಉದ್ಯಮದವರೂ ಕೂತು ಒಪ್ಪಿಕೊಂಡದ್ದಕ್ಕೆ ಕೋರ್ಟು ಮುದ್ರೆ ಒತ್ತಿತ್ತು. ಆರು ನೆಲೆಗಳ ಸುತ್ತ ಗುರುತು ಮಾಡಿದ ನೀರಿನಲ್ಲಿ ಹತ್ತು ವರ್ಷ ದೊಡ್ಡ ಬೋಟುಗಳು ಸಾರ್ಡೀನ್, ಆಂಚೊವಿ ಹಿಡಿಯುವಂತಿಲ್ಲ. ಆ ಆರರಲ್ಲಿ ಸ್ಟೋನಿ ಪಾಯಿಂಟೂ ಇದೆ. ಅವತ್ತೇ ಸಂಜೆ ಅಮ್ಮನಿಗೆ ಫೋನ್ ಮಾಡಿದೆ.