ಡಬ್ಬಿ ಕ್ರೀಮ್ ಸೂಪ್ ಬದಲಿಗೆ ಏನು? ಗ್ಲುಟೆನ್ ಬಿಟ್ಟವರ ಮನೆಗೆ ಒಂದಿಷ್ಟು ಉಪಾಯ

ಅಮೆರಿಕಕ್ಕೆ ಬಂದ ಹೊಸದರಲ್ಲೇ ಪಕ್ಕದ ಮನೆಯವರೋ ಆಫೀಸಿನವರೋ ಪ್ರೀತಿಯಿಂದ ಒಂದು ರೆಸಿಪಿ ಕೊಡುತ್ತಾರೆ. ಅದರಲ್ಲಿ ‘ಕ್ರೀಮ್ ಆಫ್ ಮಶ್ರೂಮ್ ಸೂಪ್, ಒಂದು ಕ್ಯಾನ್’ ಅಂತ ಇರುವ ಸಾಧ್ಯತೆ ಜಾಸ್ತಿ. ಹೆಸರು ಸೂಪ್ ಆದರೂ ಇಲ್ಲಿಯವರು ಅದನ್ನು ಕುಡಿಯುವುದಕ್ಕಿಂತ ಅಡುಗೆಗೆ ಸುರಿಯುವುದೇ ಹೆಚ್ಚು. ಕ್ಯಾಂಬೆಲ್ಸ್ ಕಂಪನಿ ಈ ಡಬ್ಬಿಯನ್ನು 1934ರಲ್ಲಿ ತಂದಿತು. 1955ರಲ್ಲಿ ಅದೇ ಕಂಪನಿಯ ಅಡುಗೆಮನೆಯಲ್ಲಿದ್ದ ಡಾರ್ಕಸ್ ರೈಲಿ ಎಂಬಾಕೆ ಇದಕ್ಕೆ ಬೀನ್ಸ್ ಸೇರಿಸಿ ಮಾಡಿದ ಕ್ಯಾಸರೋಲ್ (ಒಂದೇ ಪಾತ್ರೆಗೆ ಎಲ್ಲ ಹಾಕಿ ಓವನ್ನಿನಲ್ಲಿ ಬೇಯಿಸುವ ಅಡುಗೆ) ಇವತ್ತಿಗೂ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಇರುತ್ತದೆ. ಮಿನೆಸೋಟಾ ಕಡೆಯವರು ಹಾಟ್‌ಡಿಶ್ ಅನ್ನುವ ಇಂಥದೇ ಅಡುಗೆಗೂ ಇದೇ ಡಬ್ಬಿ ಬೇಕು.

ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್, ಅಂದರೆ ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದರೆ ಕರುಳು ಕೆಡುವ ಕಾಯಿಲೆ ಇದ್ದರೆ ತೊಂದರೆ ಇಲ್ಲೇ ಶುರು. ಮಾಮೂಲಿ ಡಬ್ಬಿಯಲ್ಲಿ ಸೂಪ್ ಗಟ್ಟಿಯಾಗಲಿ ಅಂತ ಗೋಧಿಹಿಟ್ಟು ಹಾಕಿರುತ್ತಾರೆ. ಗ್ಲುಟೆನ್ ಇಲ್ಲದ ಡಬ್ಬಿಗಳೂ ಸಿಗುತ್ತವೆ, ಆದರೆ ಎಲ್ಲ ಅಂಗಡಿಯಲ್ಲೂ ಅಲ್ಲ, ಬೆಲೆಯೂ ಜಾಸ್ತಿ. ನನ್ನ ಕೇಳಿದರೆ ಕೊಳ್ಳುವುದೇ ಬೇಡ. ಸಾರು ಮಂದವಾಗಲಿ ಅಂತ ಅಕ್ಕಿಹಿಟ್ಟು ಕದಡಿ ಹಾಕಿ ಗೊತ್ತಿರುವವರಿಗೆ ಇದು ಹತ್ತು ಹದಿನೈದು ನಿಮಿಷದ ಕೆಲಸ.

ಒಂದು ಡಬ್ಬಿ ಅಂದರೆ 10.5 ಔನ್ಸ್, ಸುಮಾರು ಒಂದೂಕಾಲು ಕಪ್. ಅಷ್ಟಕ್ಕೆ 3 ಟೇಬಲ್ ಚಮಚ ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ಅಣಬೆ ಒಂದು ಕಪ್, ಸ್ವಲ್ಪ ಈರುಳ್ಳಿ ಹಾಕಿ ಬಾಡಿಸಿ. ಅಣಬೆ ಮೊದಲು ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗಿ, ಅಂಚು ಕಂದು ಬಣ್ಣಕ್ಕೆ ತಿರುಗುವ ತನಕ ಕಾಯಿರಿ. ರುಚಿ ಎಲ್ಲ ಬರುವುದು ಅಲ್ಲಿಂದಲೇ. ಆಮೇಲೆ 3 ಟೇಬಲ್ ಚಮಚ ನುಣ್ಣನೆಯ ಅಕ್ಕಿಹಿಟ್ಟು ಉದುರಿಸಿ, ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವ ಹಾಗೆ ಹುರಿಯಿರಿ. ಅರ್ಧ ಕಪ್ ತರಕಾರಿ ಬ್ರಾತ್ (ತರಕಾರಿ ಬೇಯಿಸಿ ಸೋಸಿದ ನೀರು), ಅರ್ಧ ಕಪ್ ಹಾಲು ಇಟ್ಟುಕೊಂಡು, ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಸುತ್ತ ಇದ್ದರೆ ಗಂಟು ಕಟ್ಟುವುದಿಲ್ಲ. ಇಡ್ಲಿ ಹಿಟ್ಟಿನ ಹದಕ್ಕೆ ಬಂದಾಗ ಒಲೆ ಆರಿಸಿ. ನೀರಾಯಿತು ಅನ್ನಿಸಿದರೆ ಇನ್ನೆರಡು ನಿಮಿಷ ಕುದಿಸಿ, ಇನ್ನಷ್ಟು ಹಿಟ್ಟು ಸುರಿಯಬೇಡಿ. ಡಬ್ಬಿ ಸೂಪಿನಲ್ಲಿ ಉಪ್ಪು ಜೋರಾಗಿರುವುದರಿಂದ ರೆಸಿಪಿಗಳಲ್ಲಿ ಬೇರೆ ಉಪ್ಪು ಹೇಳಿರುವುದಿಲ್ಲ. ಇದಕ್ಕೆ ನೀವೇ ಹಾಕಬೇಕು, ಜೊತೆಗೆ ಮೆಣಸಿನಪುಡಿ, ಅಂದರೆ ಕರಿಮೆಣಸು. ಅಣಬೆ ಬದಲು ಸೆಲರಿ ಹಾಕಿದರೆ ಕ್ರೀಮ್ ಆಫ್ ಸೆಲರಿ ಆಯಿತು. ಚಿಕನ್ ತಿನ್ನುವವರು ಚಿಕನ್ ಬ್ರಾತ್ ಹಾಕಿಕೊಳ್ಳಲಿ.

ಅಕ್ಕಿಹಿಟ್ಟು ಸ್ವಲ್ಪ ಮರಳುಮರಳು ಅನ್ನಿಸುವುದುಂಟು. ನುಣುಪು ಬೇಕಾದರೆ ಏಷ್ಯನ್ ಅಂಗಡಿಯ ಅಂಟು ಅಕ್ಕಿಯ ಹಿಟ್ಟು ತನ್ನಿ. ಪೊಟ್ಟಣದ ಮೇಲೆ ‘ಗ್ಲುಟಿನಸ್’ ಅಂತ ಇದ್ದರೂ ಆ ಅಕ್ಕಿಯಲ್ಲಿ ಗ್ಲುಟೆನ್ ಇರುವುದಿಲ್ಲ. ಫ್ರೀಜರಿನಲ್ಲಿಟ್ಟು ಮತ್ತೆ ಬಿಸಿ ಮಾಡುವ ಪದಾರ್ಥಕ್ಕೆ ಇದೇ ವಾಸಿ. ಕಾರ್ನ್‌ಸ್ಟಾರ್ಚ್ ಹಾಕಿದ್ದು ಫ್ರೀಜ್ ಆದಮೇಲೆ ನೀರು ಬಿಡುತ್ತದೆ. ಅವತ್ತೇ ತಿನ್ನುವುದಾದರೆ ಕಾರ್ನ್‌ಸ್ಟಾರ್ಚ್ ಸಾಕು: 2 ಟೇಬಲ್ ಚಮಚವನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಕುದಿಯುವ ಬ್ರಾತಿಗೆ ಹಾಕಿ ಒಂದು ನಿಮಿಷ ಕುದಿಸಿದರೆ ಆಯಿತು. ಅಂಗಡಿಯಲ್ಲಿ ‘ಕಾರ್ನ್ ಫ್ಲೋರ್’ ಅಂತ ತರಬೇಡಿ, ಇಲ್ಲಿ ಅದು ಬೀಸಿದ ಮೆಕ್ಕೆಜೋಳದ ಹಿಟ್ಟು.

ವಾರದ ದಿನ ಇಷ್ಟೂ ಪುರುಸೊತ್ತಿಲ್ಲದವರು ಒಣ ಪುಡಿ ಮಾಡಿಟ್ಟುಕೊಳ್ಳಬಹುದು. ಕೊಬ್ಬಿಲ್ಲದ ಹಾಲಿನಪುಡಿ 2 ಕಪ್, ಕಾರ್ನ್‌ಸ್ಟಾರ್ಚ್ ಮುಕ್ಕಾಲು ಕಪ್, ಬ್ರಾತ್ ಮಾಡುವ ಬುಯಾನ್ ಪುಡಿ ಕಾಲು ಕಪ್, ಒಣಗಿದ ಈರುಳ್ಳಿ ಚೂರು 2 ಟೇಬಲ್ ಚಮಚ, ಕರಿಮೆಣಸು. ಬೇಕಾದಾಗ ಇದರಲ್ಲಿ ಕಪ್ಪಿನ ಮೂರನೇ ಒಂದು ಭಾಗದಷ್ಟು ತೆಗೆದು, ಒಂದೂಕಾಲು ಕಪ್ ತಣ್ಣೀರಿನಲ್ಲಿ ಕದಡಿ, ಗಟ್ಟಿಯಾಗುವ ತನಕ ಕಾಯಿಸಿದರೆ ಒಂದು ಡಬ್ಬಿಗೆ ಸಮ. ಇದಕ್ಕೆ ಮಾತ್ರ ಉಪ್ಪು ಬೇಡ, ಬುಯಾನಿನಲ್ಲೇ ಬೇಕಾದಷ್ಟಿರುತ್ತದೆ.

ಆ ಬುಯಾನ್ ಲೇಬಲನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಓದಿ. ಗೋಧಿ ಇದ್ದರೆ ‘ವೀಟ್’ ಅಂತ ಲೇಬಲ್ ಮೇಲೆ ಹಾಕಲೇಬೇಕೆಂದು ಇಲ್ಲಿಯ ಅಲರ್ಜಿ ಕಾನೂನು ಹೇಳುತ್ತದೆ, ಆದರೆ ಬಾರ್ಲಿಗೆ ಆ ಕಡ್ಡಾಯವಿಲ್ಲ. ‘ಕಂಟೈನ್ಸ್’ ಸಾಲಿನಲ್ಲಿ ಗೋಧಿ ಕಾಣಲಿಲ್ಲ ಅಂತ ಡಬ್ಬಿಯನ್ನು ಬುಟ್ಟಿಗೆ ಹಾಕಿಬಿಡಬೇಡಿ. ‘ಗ್ಲುಟೆನ್ ಫ್ರೀ’ ಅಂತ ಬರೆದಿದ್ದರೆ ನಂಬಬಹುದು. ಹಾಗೆ ಬರೆಯಬೇಕಾದರೆ ಗ್ಲುಟೆನ್ 20 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 20 ಭಾಗ) ಕಡಿಮೆ ಇರಬೇಕೆಂದು ಇಲ್ಲಿಯ ಆಹಾರ-ಔಷಧ ಇಲಾಖೆ ಎಫ್‌ಡಿಎ 2013ರಲ್ಲಿ ನಿಯಮ ಮಾಡಿದೆ. ಕ್ಯಾಸರೋಲ್ ಮೇಲೆ ಉದುರಿಸುವ ಡಬ್ಬಿಯ ಕರಿದ ಈರುಳ್ಳಿಯಲ್ಲೂ ಸಾಮಾನ್ಯವಾಗಿ ಗೋಧಿಹಿಟ್ಟೇ. ಕಾರ್ನ್‌ಫ್ಲೇಕ್ಸ್ ಆದೀತು ಅಂದುಕೊಂಡರೆ ಅದರಲ್ಲಿ ಹಲವಕ್ಕೆ ಬಾರ್ಲಿ ಮಾಲ್ಟ್ ಹಾಕಿರುತ್ತಾರೆ! ಈರುಳ್ಳಿಯನ್ನು ತೆಳ್ಳಗೆ ಸೀಳಿ, ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ನೀವೇ ಕರಿದುಬಿಡಿ, ಡಬ್ಬಿಯದಕ್ಕಿಂತ ಚೆನ್ನಾಗಿರುತ್ತದೆ.

ನಮ್ಮ ಕಡೆಯ ಸಾಮಾನಿನಲ್ಲೂ ಒಂದು ಕಳ್ಳ ಇದೆ: ಇಂಗು. ಡಬ್ಬಿಯಲ್ಲಿ ಬರುವ ಪುಡಿ ಇಂಗಿಗೆ ಹಲವು ಕಂಪನಿಗಳು ಗೋಧಿಹಿಟ್ಟು ಬೆರೆಸುತ್ತವೆ. ಚಪಾತಿ ಹಿಟ್ಟು ಕಲಸುವ ಮನೆಯಾದರೆ ಈ ಸೂಪಿಗೆ ಬೇರೆ ಸೌಟು, ಬೇರೆ ಜರಡಿ ಇಟ್ಟುಕೊಳ್ಳಿ. ಸೀಲಿಯಾಕ್ ಇದ್ದವರಿಗೆ ಚೂರುಪಾರು ಹಿಟ್ಟು ಸೇರಿದರೂ ಕಷ್ಟ.

ಇನ್ನು ಪಾಟ್‌ಲಕ್, ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ. ಪಾತ್ರೆಯ ಪಕ್ಕ ಏನೇನು ಹಾಕಿದ್ದೀರಿ ಅಂತ ಒಂದು ಚೀಟಿ ಇಡಿ, ಬೆಣ್ಣೆ ಹಾಲು ಸಹ ಬರೆಯಿರಿ. ಬಡಿಸುವ ಸೌಟನ್ನು ಮನೆಯಿಂದಲೇ ಒಯ್ಯಿರಿ. ಪಕ್ಕದ ಪಾಸ್ತಾಕ್ಕೆ ಹಾಕಿದ ಚಮಚ ನಿಮ್ಮ ಪಾತ್ರೆಗೆ ಬರುವುದಕ್ಕೆ ಎರಡು ನಿಮಿಷ ಸಾಕು, ಹಾಗಾಗಿ ಗ್ಲುಟೆನ್ ತಿನ್ನದವರ ತಟ್ಟೆಗೆ ಮೊದಲೇ ಬಡಿಸಿಬಿಡಿ.