ಲೇಬಲ್ ಇಲ್ಲದ ಒಂದು ಬಕೆಟ್ ಕಲ್ಲು

ಅಮೆರಿಕದ ಫೀನಿಕ್ಸ್‌ನಲ್ಲಿ ನಮ್ಮ ಮನೆಯ ಹತ್ತಿರ ಒಂದು ಗ್ಯಾರೇಜ್ ಸೇಲ್ ಇತ್ತು. ಹೋಗಿದ್ದು ಏಣಿ ಕೊಳ್ಳಲು, ಬಂದಿದ್ದು 25 ಕಿಲೋ ಕಲ್ಲು ಹೊತ್ತುಕೊಂಡು. ಆ ಮನೆಯ ಅಜ್ಜಿ ಹೇಳಿದ್ದು ಇಷ್ಟೇ: ಗಂಡ ಜೀವನವಿಡೀ ಕಲ್ಲು ಹುಡುಕಿಕೊಂಡು ತಿರುಗಿದರು, ಯಾವುದು ಎಲ್ಲಿಯದು ಅಂತ ಅವರಿಗೆ ಮಾತ್ರ ಗೊತ್ತಿತ್ತು. 20 ಡಾಲರ್ ಕೊಟ್ಟೆ. ಬಕೆಟ್ಟಿನ ತಳದಲ್ಲಿ ಚೀಟಿಗಳೇನೋ ಇದ್ದವು, ಆದರೆ ನೀರು ಬಿದ್ದು ಮುದ್ದೆಯಾಗಿದ್ದವು.

ಕಲ್ಲು ಕೊಯ್ದು ಸಾಣೆ ಹಿಡಿಯುವುದು ನನ್ನ ಆರು ವರ್ಷದ ಹವ್ಯಾಸ. ಇಲ್ಲಿನ ಕಲ್ಲಿನ ಕ್ಲಬ್ಬಿನಲ್ಲಿ ಶನಿವಾರ ಗರಗಸ, ಚಕ್ರ ಎಲ್ಲ ಸಿಗುತ್ತವೆ. ಅಲ್ಲಿಯವರೆಗೆ ಹೆಸರು ಬರೆದ ಕಲ್ಲನ್ನೇ ಅಂಗಡಿಯಿಂದ ತರುತ್ತಿದ್ದೆ. ಹೆಸರಿಲ್ಲದ ರಫ್, ಅಂದರೆ ಇನ್ನೂ ಕೊಯ್ಯದ ಕಲ್ಲು, ಕೈಗೆ ಬಂದದ್ದು ಅದೇ ಮೊದಲು. ಬಕೆಟ್ಟಿನಲ್ಲಿ ಇದ್ದವು ಹೆಚ್ಚಾಗಿ ಪಳೆಯುಳಿಕೆಗಳು: ಮರ, ಹವಳ, ಮೂಳೆ ಹೋದ ಜಾಗದಲ್ಲಿ ಖನಿಜ ತುಂಬಿ ಕಲ್ಲಾದವು.

ಮೊದಲ ದಿನವೇ ಎಡವಿದೆ. ಬಕೆಟ್ಟಿನಲ್ಲಿ ಎಲ್ಲಕ್ಕಿಂತ ಚೆಂದದ್ದು ಒಂದು ಬೂದು ಕಲ್ಲು. ಮೈತುಂಬ ಜೇನುಗೂಡಿನಂಥ ಆರುಮೂಲೆಯ ಗುರುತು. ಅಗೇಟ್ (ಕ್ವಾರ್ಟ್ಜ್ ಜಾತಿಯ ಗಟ್ಟಿ ಕಲ್ಲು) ಆದ ಹವಳ ಅಂದುಕೊಂಡು ಸೀದಾ 80 ಗ್ರಿಟ್‌ನ, ಅಂದರೆ ತುಂಬ ಒರಟಾದ, ಡೈಮಂಡ್ ಚಕ್ರಕ್ಕೆ ಒತ್ತಿದೆ. ಸೋಪಿನ ಬಿಲ್ಲೆಯ ಹಾಗೆ ಸವೆದುಹೋಯಿತು. ಹವಳವೇ, ಅನುಮಾನವಿಲ್ಲ. ಆದರೆ ಅಗೇಟ್ ಅಲ್ಲ, ಕ್ಯಾಲ್ಸೈಟ್, ಸುಣ್ಣಕಲ್ಲಿನ ಮೆದು ಖನಿಜ. ಮಿಷಿಗನ್ ಕಡೆ ಪೆಟೋಸ್ಕಿ ಕಲ್ಲು ಅಂತಾರಲ್ಲ, ಡೆವೋನಿಯನ್ ಅನ್ನುವ ಬಹಳ ಹಿಂದಿನ ಕಾಲದ ಹೆಕ್ಸಗೊನೇರಿಯಾ ಹವಳ, ಆ ಥರದ್ದು. 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಅದರ ಗಡಸುತನ ಬರೀ 3. ಅಗೇಟ್‌ಗೆ 7ರ ಆಸುಪಾಸು. ಚಕ್ರ ಬಿಟ್ಟು ಕೈಯಲ್ಲಿ ಉಪ್ಪುಕಾಗದ ಹಿಡಿದು ನಿಧಾನಕ್ಕೆ ಉಜ್ಜಬೇಕಿದ್ದ ಕಲ್ಲು. ಆತುರಗಾರನಿಗೆ ಬುದ್ಧಿ ಮಟ್ಟ.

ಅವತ್ತಿನಿಂದ ನಾನು ಕೇಳುವ ಪ್ರಶ್ನೆಯೇ ಬದಲಾಯಿತು. ಯಾವ ಮರ, ಯಾವ ಪ್ರಾಣಿ ಅನ್ನೋದು ಆಮೇಲೆ. ಅದು ಹೋದ ಜಾಗದಲ್ಲಿ ಯಾವ ಖನಿಜ ಬಂದು ಕೂತಿದೆ ಅನ್ನೋದು ಮೊದಲು. ಗರಗಸಕ್ಕೆ ಮರದ ಹೆಸರು ಕಟ್ಟಿಕೊಂಡು ಏನಾಗಬೇಕು?

ಮುಂದಿನ ವಾರವಿಡೀ ಒಂದು ಕಲ್ಲನ್ನೂ ಕೊಯ್ಯಲಿಲ್ಲ. ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಎಲ್ಲವನ್ನೂ ತೊಳೆದೆ. ಒಂದೊಂದರ ಮೂಲೆಯಲ್ಲೂ ಜೇಬಿನ ಚಾಕುವಿನಿಂದ ಗೀರಿದೆ. ಕ್ವಾರ್ಟ್ಜ್ ಜಾತಿಯ ಕಲ್ಲಾದರೆ ಗೀರು ಬೀಳುವುದಿಲ್ಲ, ಚಾಕುವಿನ ಲೋಹವೇ ಬೂದು ಗೆರೆಯಾಗಿ ಕಲ್ಲಿಗೆ ಹತ್ತುತ್ತದೆ. ಹೊಸಬರು ಅದನ್ನೇ ಗೀರು ಅಂದುಕೊಳ್ಳುತ್ತಾರೆ. ಬೆರಳಿನಿಂದ ಉಜ್ಜಿ, ಉಗುರು ಆಡಿಸಿ ನೋಡಿ. ಹಳ್ಳ ಸಿಕ್ಕಿದರೆ ಮಾತ್ರ ಗೀರು. ಗೀರು ಬಿದ್ದ ಕಡೆ ಉದುರಿದ ಪುಡಿಗೆ ಒಂದು ಹನಿ ವಿನೆಗರ್ ಬಿಟ್ಟೆ. ಸಣ್ಣಗೆ ನೊರೆ ಬಂದರೆ ಕ್ಯಾಲ್ಸೈಟ್. ಇಡೀ ಕಲ್ಲಿನ ಮೇಲೆ ವಿನೆಗರ್ ಸುರಿದರೆ ಎಷ್ಟೋ ಸಲ ಏನೂ ಕಾಣಿಸುವುದಿಲ್ಲ, ಪುಡಿಯೇ ಬೇಕು. ನೊರೆ ಎಲ್ಲಿಂದ ಬರುತ್ತಿದೆ ಅಂತಲೂ ನೋಡಬೇಕು. ಒಳ್ಳೆ ಗಟ್ಟಿ ಕಲ್ಲಿನ ಬಿರುಕಿನಲ್ಲಿ ಮಾತ್ರ ಕ್ಯಾಲ್ಸೈಟ್ ತುಂಬಿಕೊಂಡಿರುವುದುಂಟು.

ಆಮೇಲೆ ತೂಕ. ಹೆಂಡತಿ ಕೇಕ್ ಮಾಡುವಾಗ ಬಳಸುವ ಡಿಜಿಟಲ್ ತಕ್ಕಡಿ ತಂದೆ (ವಾಪಸ್ ಕೊಡುವಾಗ ತೊಳೆದು ಕೊಟ್ಟೆ). ಒಣಗಿದ ಕಲ್ಲನ್ನು ತೂಗಿ ಬರೆದುಕೊಳ್ಳಬೇಕು. ಆಮೇಲೆ ನೀರಿನ ಪಾತ್ರೆ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತರಬೇಕು. ಕಲ್ಲನ್ನು ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ಆದರೆ ತಳಕ್ಕೆ ತಾಗದ ಹಾಗೆ ಹಿಡಿಯಬೇಕು. ಆಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ಒಂದು ಕಲ್ಲು ಒಣಗಿದಾಗ 312, ನೀರಲ್ಲಿ 119. ಭಾಗಿಸಿದರೆ 2.62. ಅಗೇಟ್ ಥರದ ಕಲ್ಲಿಗೆ ಸರಿಯಾದ ಲೆಕ್ಕ. ಕೆನೆಬಣ್ಣದ ಇನ್ನೊಂದು ಕೈಗೆ ಎತ್ತಿದಾಗಲೇ ಹಗುರ ಅನಿಸಿತ್ತು. 148ಕ್ಕೆ 71, ಅಂದರೆ 2.08. ಅದು ಓಪಲ್ ಆದ ಮರ. ನೋಡಿದರೆ ಎರಡೂ ಮರದ ಚಕ್ಕೆಯ ಹಾಗೇ ಇದ್ದವು, ಆದರೆ ಓಪಲ್‌ನೊಳಗೆ ನೀರಿನಂಶ ಇರುತ್ತದೆ. ಸಾಣೆ ಹಿಡಿಯುವಾಗ ಕಲ್ಲನ್ನು ಹಿಡಿದುಕೊಳ್ಳುವ ಡಾಪ್ ಕಡ್ಡಿಗೆ ಅಂಟಿಸಲು ಬಿಸಿ ಮೇಣ ಹಚ್ಚಿದರೆ ಚಟ್ ಅಂತ ಬಿರುಕು ಬಿಡಬಹುದು. ಅದಕ್ಕೆ ತಣ್ಣನೆಯ ಅಂಟನ್ನೇ ಬಳಸಿದೆ.

ಇಷ್ಟಾದ ಮೇಲೆ ಮರದ ಸರದಿ. ಕ್ಲಬ್ಬಿನ ಸಣ್ಣ ಗರಗಸದಲ್ಲಿ ಒಂದೊಂದರ ತುದಿಯನ್ನು ಅಡ್ಡಕ್ಕೆ ಕೊಯ್ದೆ. ಮುಖವನ್ನು ಒದ್ದೆ ಮಾಡಿ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡಿದೆ. ಬೆಳವಣಿಗೆಯ ಉಂಗುರ, ಅದನ್ನು ದಾಟಿ ನಡುವಿನಿಂದ ಹೊರಗೆ ಹೋಗುವ ಸಣ್ಣ ಗೆರೆ, ಇವೆರಡೂ ಇದ್ದರೆ ಮರ ಅಂತ ಧೈರ್ಯವಾಗಿ ಹೇಳಬಹುದು. ಬರೀ ಪಟ್ಟೆ ಇದ್ದರೆ ಸಾಲದು. ನನ್ನ ಬಕೆಟ್ಟಿನ ಮೂರು ‘ಮರ’ಗಳು ಹಾಗೇ ಕೈಕೊಟ್ಟವು. ಪಟ್ಟೆ ಪಟ್ಟೆಯ ರಯೋಲೈಟ್, ಜ್ವಾಲಾಮುಖಿಯ ಕಲ್ಲು. ಯಾವ ಕಡೆಯಿಂದ ಕೊಯ್ದರೂ ಅದೇ ಪಟ್ಟೆ. ಮರಕ್ಕೆ ಅಡ್ಡ ಕೊಯ್ದರೆ ಒಂದು ಮುಖ, ಉದ್ದ ಕೊಯ್ದರೆ ಬೇರೆ ಮುಖ.

ಇಲ್ಲಿ ಊರಿನ ನೆನಪು ಕೈಹಿಡಿಯಿತು. ನಮ್ಮಜ್ಜನ ಮನೆಯ ಬಾಗಿಲು ತೇಗದ್ದು. ತೇಗದ ಅಡ್ಡ ಮುಖದಲ್ಲಿ ಉಂಗುರದ ಉದ್ದಕ್ಕೂ ಸೂಜಿ ಚುಚ್ಚಿದ ಹಾಗೆ ರಂಧ್ರಗಳ ಸಾಲು ಇರುತ್ತದೆ. ಓಕ್ ಮರದ್ದೂ ಅದೇ ರೀತಿ. ಪೈನ್ ಜಾತಿಯಲ್ಲಿ ಆ ರಂಧ್ರಗಳೇ ಇಲ್ಲ, ಒಂದೇ ಸಮನೆ ನೇಯ್ದ ಬಟ್ಟೆಯ ಹಾಗಿರುತ್ತದೆ. ಒಂದು ಕಂದು ಕಲ್ಲಿನಲ್ಲಿ ಉಂಗುರವೂ ಇಲ್ಲ, ಗೆರೆಯೂ ಇಲ್ಲ, ಬರೀ ಚುಕ್ಕಿ. ಪಕ್ಕದ ಬೆಂಚಿನ ಹಿರಿಯರು ಮೂಳೆ ಇರಬಹುದು ಅಂದರು. ನನಗೆ ನೋಡಿದ ತಕ್ಷಣ ಹೊಳೆಯಿತು, ತೆಂಗಿನ ತೊಲೆ! ತೆಂಗಿನ ಮರ ಕಡಿದು ತೊಲೆ ಮಾಡಿದ್ದನ್ನು ನೋಡಿದವರು ಆ ಚುಕ್ಕಿ ಮರೆಯುವುದಿಲ್ಲ. ಉದ್ದಕ್ಕೆ ಕೊಯ್ದರೆ ಅದೇ ಚುಕ್ಕಿ ನಾರಿನ ಗೆರೆಯಾಗುತ್ತದೆ. ಕೊಯ್ದು ತೋರಿಸಿದೆ, ಹಾಗೇ ಆಯಿತು. ತೆಂಗು ಅಂತಲ್ಲ, ತಾಳೆ ಜಾತಿಯ ಯಾವುದೋ ಮರ. ಟೆಕ್ಸಸ್‌ಗೆ ಕಲ್ಲಾದ ತಾಳೆ ಮರವೇ ರಾಜ್ಯದ ಕಲ್ಲು, ಪಕ್ಕದ ಲೂಸಿಯಾನಾಗೆ ರಾಜ್ಯದ ಪಳೆಯುಳಿಕೆ.

ಮೂಳೆಯೂ ಇತ್ತು, ಆದರೆ ಬೇರೆ ಕಲ್ಲಿನಲ್ಲಿ. ಕೆಂಪು, ಗಟ್ಟಿ, ನೊರೆಯ ಹಾಗೆ ಗುಂಡು ಗುಂಡು ಕೋಶ. ಮರದ ಕೋಶ ಸಾಲಾಗಿ ನಿಲ್ಲುತ್ತದೆ, ಮೂಳೆಯ ಸ್ಪಂಜಿನಂಥ ಭಾಗಕ್ಕೆ ಆ ಶಿಸ್ತಿಲ್ಲ. ಡೈನೋಸಾರ್ ಮೂಳೆ ಇರಬಹುದು. ಯೂಟಾ, ಕೊಲೊರಾಡೊ ಕಡೆಯ ಮಾರಿಸನ್ ಅನ್ನುವ ಕಲ್ಲಿನ ಪದರಗಳಲ್ಲಿ ಇಂಥವು ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಯುರೇನಿಯಂ ಸೇರಿರುವುದುಂಟು ಅಂತ ಕ್ಲಬ್ಬಿನವರು ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದು ನೋಡಿದರು. ಸುಮ್ಮನಿತ್ತು. ಆದರೂ ನಾನು ಕೊಯ್ಯಲಿಲ್ಲ. ಬೆನ್ನುಮೂಳೆ ಇರುವ ಪ್ರಾಣಿಗಳ ಪಳೆಯುಳಿಕೆಯನ್ನು ಇಲ್ಲಿ ಕೇಂದ್ರ ಸರ್ಕಾರದ ಜಮೀನಿನಿಂದ ಪರವಾನಗಿ ಇಲ್ಲದೆ ತೆಗೆಯುವ ಹಾಗಿಲ್ಲ, 2009ರ ಕಾನೂನು ಅದನ್ನು ಇನ್ನೂ ಬಿಗಿ ಮಾಡಿದೆ. ಆ ಅಜ್ಜಿಯ ಗಂಡ ಎಲ್ಲಿಂದ ತಂದರೋ. ಮರಕ್ಕೆ ಅಷ್ಟು ಬಿಗಿ ಇಲ್ಲ. ಭೂನಿರ್ವಹಣಾ ಇಲಾಖೆಯ ಜಮೀನಿನಲ್ಲಿ ಸ್ವಂತಕ್ಕೆ ಅಂತ ದಿನಕ್ಕೆ 25 ಪೌಂಡ್ ಮತ್ತು ಒಂದು ತುಂಡು, ವರ್ಷಕ್ಕೆ 250 ಪೌಂಡ್ ದಾಟದಂತೆ ಎತ್ತಿಕೊಳ್ಳಬಹುದು. ನಮ್ಮ ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದೊಳಗೆ ಮಾತ್ರ ಒಂದು ಚೂರನ್ನೂ ಮುಟ್ಟುವಂತಿಲ್ಲ. ಅದರ ಹತ್ತಿರದ ಊರು ಹಾಲ್‌ಬ್ರೂಕ್‌ನ ಅಂಗಡಿಗಳಲ್ಲಿ ಮಾರುವುದು ಹೊರಗಿನ ಖಾಸಗಿ ಜಮೀನಿನದ್ದು.

ಆ ಕಡೆಯದ್ದೇ ಇರಬೇಕು ಅನಿಸುವ ಆರು ತುಂಡು ನನ್ನಲ್ಲೂ ಇದ್ದವು. ಕೆಂಪು, ಹಳದಿ, ನೇರಳೆ, ಎಲ್ಲ ಕಬ್ಬಿಣ, ಮ್ಯಾಂಗನೀಸ್‌ನ ಬಣ್ಣ. 20 ಕೋಟಿ ವರ್ಷಕ್ಕೂ ಹಿಂದಿನ ಮರ. ನೋಡಲು ಹಬ್ಬ, ಗುರುತಿಸಲು ಏನೂ ಇಲ್ಲ. ಕ್ವಾರ್ಟ್ಜ್ ಬೆಳೆಯುವಾಗ ಒಳಗಿನ ಕೋಶವನ್ನೆಲ್ಲ ಅಳಿಸಿಬಿಟ್ಟಿತ್ತು. ಎರಡು ಸಂಜೆ ಲೂಪ್ ಹಿಡಿದು ಕಣ್ಣು ನೋಯಿಸಿಕೊಂಡು ಕೈಬಿಟ್ಟೆ. ಸಾಣೆಗೆ ಮಾತ್ರ ಇವೇ ಎಲ್ಲಕ್ಕಿಂತ ಒಳ್ಳೆಯವು. 6 ಮಿಲಿಮೀಟರ್ ದಪ್ಪದ ಸ್ಲ್ಯಾಬ್ (ಹಲಗೆ) ಮಾಡಿ, ಒರಟು 80ರಿಂದ ನುಣುಪು 3000 ಗ್ರಿಟ್‌ವರೆಗೆ ಹೋಗಿ, ಕೊನೆಗೆ ಚರ್ಮದ ಮೇಲೆ ಸೀರಿಯಂ ಆಕ್ಸೈಡ್ ಪುಡಿ ಹಚ್ಚಿ ತಿಕ್ಕಿದರೆ ಗಾಜಿನ ಹೊಳಪು. ಉದ್ದಕ್ಕೂ ನೀರು ಬಿಡುತ್ತಲೇ ಇರಬೇಕು, ಮೂಗಿಗೆ ಮಾಸ್ಕ್ ಬೇಕೇ ಬೇಕು. ಗುಜರಾತಿನ ಖಂಭಾತ್‌ನಲ್ಲಿ ಇದೇ ಅಗೇಟ್ ಧೂಳು ಕುಡಿದು ಎಷ್ಟೋ ಕೆಲಸಗಾರರ ಶ್ವಾಸಕೋಶ ಹಾಳಾಗಿದೆ.

ಬಕೆಟ್ಟಿನ ತಳದಲ್ಲಿ ಒಂದು ಕಪ್ಪು ಗುಂಡುಕಲ್ಲು ಇತ್ತು. ಒಂದು ಕಡೆ ಚಕ್ಕೆ ಎದ್ದು ಒಳಗೆ ಸುರುಳಿ, ಸುರುಳಿಯ ಮೇಲೆ ಪಕ್ಕೆಲುಬಿನಂಥ ಗೆರೆ. ಅಮೊನೈಟ್, ಹಿಂದೆ ಸಮುದ್ರದಲ್ಲಿದ್ದ ಸುರುಳಿ ಚಿಪ್ಪಿನ ಪ್ರಾಣಿ. ಅಡ್ಡ ಕೊಯ್ದರೆ ಒಳಗಿನ ಕೋಣೆಗಳೆಲ್ಲ ಕಾಣುತ್ತವೆ ಅಂತ ಆಸೆಯಾಯಿತು. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದ್ದೇ ತಪ್ಪಾಯಿತು.

“ಏಯ್, ಅದು ಸಾಲಿಗ್ರಾಮ ಕಣೋ!”

“ಅಮ್ಮಾ, ಗಂಡಕಿ ನದಿಯದ್ದೇ ಅಂತ ಹೇಗೆ ಹೇಳೋದು? ಇಂಥವು ಬೇರೆ ದೇಶದಲ್ಲೂ ಸಿಗುತ್ತವೆ.”

“ಅಲ್ಲ ಅಂತ ಹೇಗೆ ಹೇಳ್ತೀಯ? ಮೊದಲು ಆ ಗರಗಸ ಆಚೆ ಇಡು.”

ಚಾಕು, ವಿನೆಗರ್, ತಕ್ಕಡಿ ಯಾವುದೂ ಕಲ್ಲು ಯಾವ ನದಿಯದ್ದು ಅಂತ ಹೇಳುವುದಿಲ್ಲ. ಅಮ್ಮನೇ ಗೆದ್ದರು.

ಈಗ ಬಕೆಟ್ಟಿನಲ್ಲಿ ಉಳಿದಿರುವುದು ಒಂಬತ್ತು. ಅದರಲ್ಲಿ ಎರಡಕ್ಕೆ ಹಳೆ ಟೇಪ್ ಇನ್ನೂ ಅಂಟಿಕೊಂಡಿದೆ, ‘ಇ.ವಿ.’ ಅಂತ ಎರಡು ಅಕ್ಷರ. ವಯೋಮಿಂಗ್‌ನ ಈಡನ್ ವ್ಯಾಲಿ ಇರಬೇಕು ಅಂತ ಕ್ಲಬ್ಬಿನಲ್ಲಿ ಒಬ್ಬರು ಹೇಳಿದರು. ಒಳಗೆ ಕಪ್ಪುಕಂದು ಮರ, ಸುತ್ತ ಪಾಚಿ ಕಟ್ಟಿ ಕಲ್ಲಾದ ಬಿಳಿ ಸಿಪ್ಪೆ. ಅವರ ಮಾತಿಗೆ ಹೊಂದುತ್ತದೆ. ನಾನು ಕೊಯ್ದ ಪ್ರತಿ ಸ್ಲ್ಯಾಬಿನ ಹಿಂದೆಯೂ ಈಗ ಪೇಂಟ್ ಪೆನ್ನಿನಲ್ಲಿ ಸಾಂದ್ರತೆ, ಖನಿಜ, ತಾರೀಖು ಬರೆಯುತ್ತೇನೆ. ಊರು ಗೊತ್ತಿಲ್ಲದಿದ್ದರೆ ‘ಬಕೆಟ್’ ಅಂತ ಬರೆಯುತ್ತೇನೆ.